ಒಂದು ಮೇಕೆ ಚರ್ಮದ ಬೆನ್ನು ಹತ್ತಿ ಫೆಸ್ ಊರಿನಲ್ಲಿ

ನಾನು ಬೆಂಗಳೂರಿನಲ್ಲಿ ಚರ್ಮದ ಬ್ಯಾಗ್ ಮಾಡಿ ಮಾರುವವಳು. ಸಣ್ಣ ವರ್ಕ್‌ಶಾಪ್ ಇದೆ. ಕೆಲಸ ಕಲಿತದ್ದು ಚೆನ್ನೈನಲ್ಲಿ. ಅಲ್ಲಿ ಹೇಳಿಕೊಟ್ಟದ್ದು ಬಹುಪಾಲು ಕ್ರೋಮ್ ಚರ್ಮದ, ಅಂದರೆ ಕ್ರೋಮಿಯಂ ಲವಣ ಹಾಕಿ ಹದ ಮಾಡಿದ ಚರ್ಮದ ವಿಷಯ. ಗಿಡದ ಚೆಕ್ಕೆ, ಕಾಯಿಗಳಲ್ಲಿ ತೊಗಲು ಹದ ಮಾಡುವ ಹಳೇ ಪದ್ಧತಿಗೆ ಪಾಠದಲ್ಲಿ ಒಂದೆರಡು ಪುಟ ಅಷ್ಟೇ. ನಮ್ಮ ಕಡೆ ತಂಗಡಿ ಚೆಕ್ಕೆ ಹಾಕುತ್ತಿದ್ದರು ಅಂತ ಹಿರಿಯರು ಹೇಳುತ್ತಿದ್ದರು. ನಾನು ಕಣ್ಣಾರೆ ಕಂಡಿರಲಿಲ್ಲ. ಮೊರಾಕೊದ ಫೆಸ್ ಊರಿನಲ್ಲಿ ಆ ಕೆಲಸ ಇನ್ನೂ ನಡೆಯುತ್ತದೆ ಅಂತ ಗೊತ್ತಾದಾಗ, ಅಲ್ಲಿನ ಒಬ್ಬ ಬ್ಯಾಗ್ ಮೇಸ್ತ್ರಿಗೆ ಪರಿಚಯದವರ ಮೂಲಕ ಹೇಳಿಸಿ, ಕೆಲವು ವಾರಗಳ ಮಟ್ಟಿಗೆ ಹೋದೆ.

ಅಲ್ಲಿ ಮೇಸ್ತ್ರಿಗೆ ಮಾಲ್ಲೆಂ ಅನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಬಿಂತಿ’, ಅಂದರೆ ಮಗಳೇ, ಅಂತ ಕರೆದರು. ಅವರಿಗೆ ಎಪ್ಪತ್ತರ ಹತ್ತಿರ ಹತ್ತಿರ. ನನ್ನ ಹರುಕು ಫ್ರೆಂಚು, ಅವರ ಅರಬ್ಬಿ, ನಡುವೆ ಕಾಲೇಜಿಗೆ ಹೋಗುವ ಅವರ ಮೊಮ್ಮಗ. ಇಷ್ಟರಲ್ಲೇ ನಮ್ಮ ಮಾತುಕತೆ. ಅವರದು ಒಂದೇ ಷರತ್ತು. “ಕತ್ತರಿ ಆಮೇಲೆ ಹಿಡಿ. ಮೊದಲು ಒಂದು ತೊಗಲು ಕೊಂಡುಕೋ. ಅದು ಎಲ್ಲಿಗೆ ಹೋಗುತ್ತದೋ ಅದರ ಹಿಂದೆ ಹೋಗು. ಬ್ಯಾಗ್ ಆಗಿ ನನ್ನ ಹಲಗೆಗೆ ಬರುವ ತನಕ ಬಿಡಬೇಡ.”

ಆ ತೊಗಲಿನ ಹಿಂದೆ ಹೋದಾಗಲೇ ನನಗೆ ಕಸುಬಿನ ಸಂಘಗಳ ಕಥೆ ಸಿಕ್ಕಿದ್ದು. ನಾನು ಅದನ್ನು ಹುಡುಕಿಕೊಂಡು ಹೋದವಳೇ ಅಲ್ಲ.

ಫೆಸ್ ಹಳೇ ಊರು. ಕಟ್ಟಿದ್ದು 789ರಲ್ಲಿ. ಕೋಟೆಯೊಳಗಿನ ಭಾಗ 1981ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಳಗೆ ಕಾರು ಹೋಗುವುದಿಲ್ಲ, ಸಾಮಾನೆಲ್ಲ ಹೇಸರಗತ್ತೆಯ ಮೇಲೆ. ಹಿಂದಿನಿಂದ “ಬಾಲಾಕ್! ಬಾಲಾಕ್!” ಅಂತ ಕೂಗು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಒಂದೊಂದು ಕಸುಬಿಗೆ ಒಂದೊಂದು ಬೀದಿ. ಸೆಫ್ಫಾರೀನ್ ಚೌಕದಲ್ಲಿ ತಾಮ್ರದ ಕೆಲಸದವರು ಇವತ್ತಿಗೂ ಬೀದಿಯಲ್ಲೇ ಕೂತು ಹಂಡೆ ಬಡಿಯುತ್ತಾರೆ. ಬಣ್ಣದವರದು ಬೇರೆ ಬೀದಿ, ಮರಗೆಲಸದವರದು ಬೇರೆ. ಈ ಒಂದೊಂದು ಕಸುಬಿಗೂ ಒಂದು ಸಂಘವಿತ್ತು, ಸಂಘಕ್ಕೊಬ್ಬ ಮುಖ್ಯಸ್ಥ. ಅವನೇ ಅಮೀನ್. ಕಸುಬಿನವರೇ ತಮ್ಮೊಳಗಿನ ಒಬ್ಬ ನಂಬಿಕಸ್ಥನನ್ನು ಆರಿಸುತ್ತಿದ್ದರು. ಎಲ್ಲ ಅಮೀನರ ಮೇಲೆ ಮುಹ್ತಸಿಬ್. ಇಡೀ ಪೇಟೆಯ ತೂಕ, ಅಳತೆ, ಬೆಲೆ, ಮೋಸ, ಜಗಳ ಎಲ್ಲ ಅವನ ಕಣ್ಣಳತೆಯಲ್ಲಿ. ಇದು ಶತಮಾನಗಳ ವ್ಯವಸ್ಥೆ.

ತೊಗಲು ಕೊಂಡದ್ದು ಹರಾಜಿನಲ್ಲಿ. ಹರಾಜು ನಡೆಯುವುದು ಒಂದು ಹಳೇ ಛತ್ರದಲ್ಲಿ. ನಡುವೆ ಅಂಗಳ, ಸುತ್ತ ಎರಡಂತಸ್ತಿನ ಕೋಣೆಗಳು. ನಮ್ಮ ಎಪಿಎಂಸಿಯಲ್ಲಿ ಮಾಲು ಒಂದು ಕಡೆ ರಾಶಿ ಬಿದ್ದಿರುತ್ತದೆ, ಕೊಳ್ಳುವವರು ಅದರ ಸುತ್ತ ಗುಂಪು ಕಟ್ಟುತ್ತಾರೆ. ಇಲ್ಲಿ ತಿರುವು ಮುರುವು. ಕೊಳ್ಳುವವರು ಗೋಡೆಗೊರಗಿ ಆರಾಮಾಗಿ ಕೂತಿರುತ್ತಾರೆ. ದಲ್ಲಾಳಿ ತೊಗಲಿನ ಕಟ್ಟು ಹೆಗಲ ಮೇಲೆ ಹೊತ್ತುಕೊಂಡು, ಕೊನೆಗೆ ಬಂದ ಬೆಲೆ ಕೂಗುತ್ತಾ ಎಲ್ಲರ ಮುಂದೆ ಸುತ್ತು ಹಾಕುತ್ತಾನೆ. ಬೇಕಾದವರು ಕಟ್ಟನ್ನು ಎಳೆದು, ಬೆರಳಲ್ಲಿ ಒತ್ತಿ ನೋಡಿ, ಒಂದೆರಡು ದಿರ್ಹಂ ಏರಿಸುತ್ತಾರೆ. ಬೇಡದಿದ್ದರೆ ತಲೆ ಎತ್ತುವುದೂ ಇಲ್ಲ.

ನನ್ನ ಪರವಾಗಿ ಮಾಲ್ಲೆಂ ಕೂಗಿದರು. ಹಸಿ ಮೇಕೆ ತೊಗಲಿನ ಒಂದು ಸಣ್ಣ ಕಟ್ಟು ನಮ್ಮ ಪಾಲಿಗೆ ಬಂತು. ಆಮೇಲೆ ಮೊಮ್ಮಗ ಹೇಳಿದ: ಹಿಂದೆ ಒಬ್ಬನೇ ಶ್ರೀಮಂತ ಇಡೀ ಮಾಲು ಎತ್ತಿಕೊಂಡು ಹೋಗಲು ಬಿಡುತ್ತಿರಲಿಲ್ಲವಂತೆ. ಕಚ್ಚಾ ಮಾಲು ಕಡಿಮೆ ಬಂದ ದಿನ ಅಮೀನ್ ಬಂದು ನಿಂತು ಹಂಚಿಸುತ್ತಿದ್ದನಂತೆ. ಆವತ್ತು ನಾನು ನೋಡಿದ್ದು ಬೇರೆಯೇ. ಊರಾಚೆಯ ಕಾರ್ಖಾನೆಗೆ ಮಾಲು ಹಿಡಿಯುವ ಇಬ್ಬರು ಫೋನಲ್ಲಿ ಮಾತಾಡುತ್ತಲೇ ಒಳ್ಳೊಳ್ಳೇ ಕಟ್ಟುಗಳನ್ನೆಲ್ಲ ಎತ್ತಿದರು. ಉಳಿದದ್ದು ಉಳಿದವರಿಗೆ.

ಅಲ್ಲಿಂದ ಶುವಾರಾಕ್ಕೆ, ಅಂದರೆ ತೊಗಲು ಹದ ಮಾಡುವ ಜಾಗಕ್ಕೆ. ಫೆಸ್‌ನ ಚಿತ್ರ ಅಂತ ಎಲ್ಲ ಕಡೆ ತೋರಿಸುವುದು ಇದನ್ನೇ. ಜೇನುಗೂಡಿನ ಹಾಗೆ ಒತ್ತೊತ್ತಾಗಿ ಕಲ್ಲಿನ ಗುಂಡಿಗಳು, ಕೆಲವು ಬೆಳ್ಳಗೆ, ಕೆಲವು ಕೆಂಪು, ಕಂದು, ಹಳದಿ. ಪ್ರವಾಸಿಗಳು ಸುತ್ತಲಿನ ಅಂಗಡಿಗಳ ತಾರಸಿಯಿಂದ ನೋಡುತ್ತಾರೆ. ಮೂಗಿಗೆ ಹಿಡಿದುಕೊಳ್ಳಲು ಒಂದು ಕಂತೆ ಪುದೀನ ಕೊಡುತ್ತಾರೆ. ಕೆಳಗಿಳಿದರೆ ಪುದೀನ ಯಾವ ಲೆಕ್ಕಕ್ಕೂ ಇಲ್ಲ. ವಾಸನೆ ಬಟ್ಟೆಗೆ, ಕೂದಲಿಗೆ, ಕೊನೆಗೆ ಊಟಕ್ಕೂ ಹತ್ತಿಕೊಳ್ಳುತ್ತದೆ.

ಬೆಳ್ಳಗಿನ ಗುಂಡಿಗಳು ಸುಣ್ಣದವು. ತೊಗಲನ್ನು ಮೊದಲು ಅಲ್ಲಿ ನೆನೆಹಾಕುತ್ತಾರೆ. ಸುಣ್ಣ, ಉಪ್ಪು, ದನದ ಗಂಜಲ. ಎರಡು ಮೂರು ದಿನದಲ್ಲಿ ಕೂದಲು ಸಡಿಲವಾಗುತ್ತದೆ, ಹೆರೆದು ತೆಗೆಯುತ್ತಾರೆ. ಆಮೇಲೆ ಪಾರಿವಾಳದ ಹಿಕ್ಕೆಯ ಗುಂಡಿ. ಹೌದು, ಹಿಕ್ಕೆಯೇ. ಅದನ್ನು ಮೂಟೆಗಟ್ಟಲೆ ತರಿಸುತ್ತಾರೆ. ಕೆಲಸಗಾರರು ತೊಡೆಯವರೆಗೆ ಗುಂಡಿಗಿಳಿದು ಗಂಟೆಗಟ್ಟಲೆ ತುಳಿಯುತ್ತಾರೆ. ಇದು ಮೂಢನಂಬಿಕೆ ಏನಲ್ಲ. ಹಿಕ್ಕೆಯಲ್ಲಿರುವ ಕಿಣ್ವಗಳು ತೊಗಲಿನೊಳಗಿನ ಬೇಡದ ಪ್ರೋಟೀನನ್ನು ಸಡಿಲಿಸುತ್ತವೆ, ಸುಣ್ಣದ ಪಸೆಯೂ ಹೋಗುತ್ತದೆ, ಚರ್ಮ ಮೆತ್ತಗಾಗುತ್ತದೆ. ಇದೇ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಈಗ ಡಬ್ಬಿಯಲ್ಲಿ ಬರುವ ಕಿಣ್ವದ ಪುಡಿ ಹಾಕುತ್ತಾರೆ. ಜರ್ಮನಿಯ ಓಟೊ ರ‍್ಯೋಮ್ 20ನೇ ಶತಮಾನದ ಶುರುವಿನಲ್ಲಿ ಅದನ್ನು ಮಾರುಕಟ್ಟೆಗೆ ತರುವ ತನಕ ಯುರೋಪಿನವರೂ ನಾಯಿ, ಹಕ್ಕಿಗಳ ಹಿಕ್ಕೆಯನ್ನೇ ಬಳಸುತ್ತಿದ್ದರು. ನಾನು ಓದಿದ್ದು ಪುಡಿಯ ಪಾಠ. ಹಿಕ್ಕೆ ಮುಂದೆ ಬಂದಾಗ ಆ ಪಾಠ ಹೆಚ್ಚಿಗೆ ಸಹಾಯ ಮಾಡಲಿಲ್ಲ.

ಗುಂಡಿಗೆ ಇಳಿಯಲು ನನ್ನನ್ನು ಬಿಡಲಿಲ್ಲ. ಹೆಂಗಸರು ಇಳಿಯುವುದಿಲ್ಲ ಅಂದರು, ಮಾತು ಮುಗೀತು. ಅಂಚಿನಲ್ಲಿ ಕೂತು ಹೆರೆಯುವುದಕ್ಕೆ ಮಾತ್ರ ಅವಕಾಶ ಸಿಕ್ಕಿತು. ಅಷ್ಟಕ್ಕೇ ಬೆನ್ನು ಹಿಡಿದುಕೊಂಡಿತು ಅನ್ನಿ. ಹಳೇ ಸಂಘಗಳ ಬಗ್ಗೆ ಹೊಗಳಿಕೆ ಕೇಳಿದಾಗಲೆಲ್ಲ ಇದು ನನಗೆ ನೆನಪಾಗುತ್ತದೆ. ಫೆಸ್‌ನಲ್ಲಿ ನೂಲು ತೆಗೆದವರು, ಕಸೂತಿ ಹಾಕಿದವರು ಹೆಂಗಸರು. ಮನೆಯಲ್ಲೇ ಕೂತು, ಒಬ್ಬ ಹಿರಿಯ ಕಸಬುಗಾರ್ತಿಯ ಕೈಕೆಳಗೆ ಕಲಿತರು. ಗಂಡಸರ ಸಂಘಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಕಸುಬು ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಹೊರಗಿನವರು ಒಳಗೆ ಬರುವುದು ಕಷ್ಟವಿತ್ತು.

ಹದ ಮಾಡುವ ಹಂತದಲ್ಲಿ ನನಗೆ ನಿಜವಾದ ಖುಷಿ ಸಿಕ್ಕಿತು. ಫೆಸ್‌ನ ಒಳ್ಳೇ ಮೇಕೆ ಚರ್ಮಕ್ಕೆ ಹಿಂದೆ ತಕಾವುತ್ ಅನ್ನುವ ಗಂಟುಕಾಯಿ ಹಾಕುತ್ತಿದ್ದರು. ದಕ್ಷಿಣದ ತಾಫಿಲಾಲ್ತ್ ಕಡೆ ಒಂದು ಜಾತಿಯ ಮರದಲ್ಲಿ ಹುಳು ಕೂತು ಆಗುವ ಗಂಟು ಅದು. ಮುದುಕರೊಬ್ಬರು ಒಂದು ಹಿಡಿ ತೋರಿಸಿದರು. ಕಡಿದರೆ ಬಾಯಿ ಬಿಗಿದುಹೋಗುವಷ್ಟು ಒಗರು. ನಮ್ಮ ಕಟ್ಟಿಗೆ ಹಾಕಿದ್ದು ಅದಲ್ಲ, ಹೊರದೇಶದಿಂದ ಬರುವ ಮಿಮೋಸಾ ಮರದ ಚೆಕ್ಕೆಯ ಪುಡಿ. ತಕಾವುತ್ ದುಬಾರಿ, ನಿಧಾನ ಬೇರೆ. ಊರಾಚೆ ದೊಕ್ಕಾರಾತ್ ಅನ್ನುವ ಕೈಗಾರಿಕಾ ಬಡಾವಣೆಯಲ್ಲಿ ಕ್ರೋಮ್ ಹಾಕಿ ದಿನ ಕಳೆಯುವುದರೊಳಗೆ ಹದ ಮುಗಿಸುತ್ತಾರೆ. ಆ ಕ್ರೋಮ್ ನೀರು ಸೆಬೂ ಅನ್ನುವ ನದಿಗೆ ಸೇರಿ ಗಲಾಟೆಯಾದ ಮೇಲೆ, ನೀರಿನಿಂದ ಕ್ರೋಮ್ ಬೇರ್ಪಡಿಸುವ ಘಟಕ ಹಾಕಿದ್ದಾರೆ.

ಬಣ್ಣದ ವಿಷಯವೂ ಇಷ್ಟೇ. ತಾರಸಿಯಲ್ಲಿ ಗೈಡುಗಳು ಹೇಳುತ್ತಾರೆ: ಕೆಂಪು ಗಸಗಸೆ ಹೂವಿನದು, ನೀಲಿ ಬಣ್ಣ ನೀಲಿಗಿಡದ್ದು, ಹಳದಿ ಕೇಸರಿಯದು. ಕೇಸರಿ! ಗ್ರಾಂ ಲೆಕ್ಕದಲ್ಲಿ ಮಾರುವ ಕೇಸರಿಯನ್ನು ಯಾರು ಸ್ವಾಮಿ ಬ್ಯಾಗಿಗೆ ಬಳಿಯುತ್ತಾರೆ? ದಾಳಿಂಬೆ ಸಿಪ್ಪೆ, ಗೋರಂಟಿ ಬಳಸುವವರು ಈಗಲೂ ಕೆಲವರಿದ್ದಾರೆ. ನನ್ನ ಚರ್ಮಕ್ಕೆ ಹಾಕಿದ ಕೆಂಪು ಪ್ಲಾಸ್ಟಿಕ್ ಚೀಲದಿಂದ ಬಂತು. ಬಣ್ಣ ಚೆನ್ನಾಗೇ ಹಿಡಿಯಿತು, ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಬಂದದ್ದು ಒಣಗಿದ ಮೇಲೆ. ಎರಡು ಚರ್ಮದಲ್ಲಿ ಬೆನ್ನಿನ ಉದ್ದಕ್ಕೂ ಸಣ್ಣ ಗೀರುಗಳು. ತೊಗಲು ಸುಲಿಯುವಾಗ ಚೂರಿ ತಗುಲಿದ್ದು. ಹಸಿಯಿದ್ದಾಗ ಮಡಚಿ ಉಪ್ಪು ಹಾಕಿ ಮುಚ್ಚಿದ್ದರು, ಹಾಗಾಗಿ ಹರಾಜಿನಲ್ಲಿ ಕಂಡಿರಲಿಲ್ಲ. ಮಾಲ್ಲೆಂ ಬೆಳಕಿಗೆ ಹಿಡಿದು ನೋಡಿ ನಾಲಿಗೆ ಲೊಚಗುಟ್ಟಿದರು. “ನಮ್ಮಪ್ಪನಾಗಿದ್ದರೆ ಇದನ್ನು ಸೀದಾ ಅಮೀನ್ ಮುಂದೆ ಹಾಕುತ್ತಿದ್ದ.”

“ನಾವೂ ಹಾಕೋಣ” ಅಂದೆ.

ಅಮೀನ್ ಈಗಲೂ ಇದ್ದಾರೆ. 1982ರಲ್ಲಿ ಮೊರಾಕೊ ಸರ್ಕಾರ ಕಾನೂನು ಮಾಡಿ ಮುಹ್ತಸಿಬ್ ಮತ್ತು ಅಮೀನರ ಹುದ್ದೆಗಳಿಗೆ ಮತ್ತೆ ಜೀವ ಕೊಟ್ಟಿತು. ನಾವು ಹೋದ ಅಮೀನ್ ಒಂದು ಪುಟ್ಟ ಅಂಗಡಿಯಲ್ಲಿ ಕೂತಿದ್ದರು. ತಾವೂ ಕಸುಬಿನವರೇ, ಕೈ ನೋಡಿದರೆ ಗೊತ್ತಾಗುತ್ತಿತ್ತು. ಪುದೀನ ಚಹಾ ಬಂತು. ಚರ್ಮವನ್ನು ಮಡಿಲಲ್ಲಿ ಹರವಿಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳು ಎಳೆದರು. ತೀರ್ಪು ಕ್ಷಣದಲ್ಲಿ ಬಂತು. ತಪ್ಪು ಮಾರಿದವನದು, ದುಡ್ಡು ವಾಪಸ್ ಕೊಡಬೇಕು.

ಆದರೆ ಕೊಡಿಸುವವರು ಯಾರು? ಮಾರಿದವನು ಶುವಾರಾದವನಲ್ಲ. ಹೊರಗಿನ ಕಸಾಯಿಖಾನೆಗಳಿಂದ ತೊಗಲು ತಂದು ಸುರಿಯುವ ವ್ಯಾಪಾರಿ. ಅವನಿಗೆ ಅಮೀನ್ ಅಂತ ಯಾರೂ ಇಲ್ಲ. ನಮ್ಮ ಅಮೀನ್ ಫೋನ್ ಮಾಡಿದರು. ಆ ಕಡೆಯವನು ಸ್ವಲ್ಪ ಹೊತ್ತು ಮರ್ಯಾದೆಯಿಂದ ಮಾತಾಡಿ, ಮುಂದಿನ ಸಲ ಬೆಲೆಯಲ್ಲಿ ನೋಡಿಕೊಳ್ಳೋಣ ಅಂದು ಇಟ್ಟುಬಿಟ್ಟ. ಹಿಂದಾಗಿದ್ದರೆ ಇದು ಮುಹ್ತಸಿಬ್ ತನಕ ಹೋಗುತ್ತಿತ್ತು. ಅಂಗಡಿ ಮುಚ್ಚಿಸುವ, ಹೊಡೆಸುವ ಅಧಿಕಾರ ಅವನಿಗಿತ್ತು. ಈಗ ಮುಂದಿನ ಮೆಟ್ಟಿಲು ಕೋರ್ಟು. ಎರಡು ಮೇಕೆ ಚರ್ಮಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ? “ಗೀರು ಬಿಟ್ಟು ಕತ್ತರಿಸಿದರೆ ಪಟ್ಟಿಗಳು ಸಿಗುತ್ತವೆ” ಅಂತ ಅಮೀನ್ ಸಲಹೆ ಕೊಟ್ಟರು. ಸಲಹೆ ಒಳ್ಳೆಯದೇ. ಹಾಗೇ ಮಾಡಿದೆವು.

ನಾವು ಕೂತಿದ್ದಾಗಲೇ ಇನ್ನಿಬ್ಬರು ಬಂದರು. ಜಗಳಕ್ಕಲ್ಲ, ಸಹಿಗೆ. ತಾನು ನಿಜವಾಗಿ ಚರ್ಮದ ಕೆಲಸದವನು ಅಂತ ಒಂದು ಕಾಗದ ಬೇಕು. ಅದಿದ್ದರೆ ಕುಶಲಕರ್ಮಿಗಳ ನೋಂದಣಿ, ನೋಂದಣಿಯಿದ್ದರೆ ಆರೋಗ್ಯ ವಿಮೆ. 2020ರಲ್ಲಿ ಕುಶಲಕರ್ಮಿಗಳಿಗೆಂದೇ ಹೊಸ ಕಾನೂನು ಬಂದಿದೆ, ಆಮೇಲೆ ವಿಮೆಯನ್ನು ಅವರಿಗೂ ವಿಸ್ತರಿಸಿದ್ದಾರೆ. ಅಮೀನ್ ಮೊಹರು ಒತ್ತಿ ಕಳಿಸಿದರು. ದಿನದ ಹೆಚ್ಚಿನ ಕೆಲಸ ಈಗ ಇದೇ ಅಂದರು.

ಇದನ್ನು ಕಂಡು ಅಯ್ಯೋ ಅನ್ನಬೇಕಾ? ನನಗೆ ಹಾಗನ್ನಿಸಲಿಲ್ಲ. ಹಿಂದೆ ಕೆಲಸಗಾರ ಕಾಯಿಲೆ ಬಿದ್ದರೆ, ಸತ್ತರೆ, ಸಂಘದವರು ಚಂದಾ ಎತ್ತುತ್ತಿದ್ದರು. ದೊಡ್ಡ ಮಾತೇ. ಆದರೂ ಚಂದಾ ಎತ್ತುವವರ ಮನಸ್ಸು, ಜೇಬು ಎರಡನ್ನೂ ನೋಡಿಕೊಂಡು ಆಸ್ಪತ್ರೆಗೆ ಹೋಗುವುದಕ್ಕಿಂತ ಕೈಯಲ್ಲಿ ಕಾರ್ಡ್ ಇರುವುದು ಮೇಲು ಅಲ್ವಾ? ಸಂಘದ ಒಂದು ಕೆಲಸ ಸರ್ಕಾರಕ್ಕೆ ಹೋಯಿತು, ಒಂದು ಕೋರ್ಟಿಗೆ ಹೋಯಿತು, ಕಚ್ಚಾ ಮಾಲು ಹಂಚುವುದು ದುಡ್ಡಿದ್ದವರಿಗೆ ಹೋಯಿತು. ಅಮೀನ್ ಕೈಯಲ್ಲಿ ಮೊಹರು ಉಳಿಯಿತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಫೆಸ್‌ನ ಚರ್ಮದವರು ಒಂದು ಕಾಲಕ್ಕೆ ಸುಲ್ತಾನನಿಗೇ ತಲೆನೋವು ತಂದವರು. 1873ರಲ್ಲಿ ಹೊಸ ಸುಲ್ತಾನ ಮೊದಲನೇ ಹಸನ್ ಪಟ್ಟಕ್ಕೆ ಬಂದಾಗ, ಪೇಟೆ ಸುಂಕ ತೆಗೆಯಿರಿ ಅಂತ ಇವರು ಪಟ್ಟು ಹಿಡಿದರು. ಸುಂಕ ನಿಲ್ಲಲಿಲ್ಲ. ಸುಂಕದ ಮೇಲಧಿಕಾರಿ ಬೆನ್ನಿಸ್‌ನ ಮನೆಗೆ ನುಗ್ಗಿ ಲೂಟಿ ಮಾಡಿದರು. ಕೊನೆಗೆ ಸೈನ್ಯ ಬರಬೇಕಾಯಿತು. ಗುಂಡಿಗೆ ಇಳಿಯುವ ಜನಕ್ಕೆ ಅಷ್ಟು ಒಗ್ಗಟ್ಟು, ಅಷ್ಟು ಧೈರ್ಯ ಇತ್ತು.

ಆದರೆ ಒಗ್ಗಟ್ಟಿನಿಂದ ತಡೆಯಲಾಗದ್ದು ಬಂದರುಗಳ ಮೂಲಕ ಬರುತ್ತಿತ್ತು. 1856ರಲ್ಲಿ ಬ್ರಿಟನ್ ಜೊತೆ ಒಪ್ಪಂದವಾಗಿ ಆಮದು ಸುಂಕ ಶೇ. 10ಕ್ಕೆ ನಿಂತಿತ್ತು. 1906ರ ಅಲ್ಜೆಸಿರಾಸ್ ಒಪ್ಪಂದದಲ್ಲಿ ಅದರ ಮೇಲೆ ಶೇ. 2.5 ಸೇರಿತು. ಜೊತೆಗೆ ಎಲ್ಲ ದೇಶಗಳಿಗೂ ಮೊರಾಕೊ ಪೇಟೆಯಲ್ಲಿ ಸಮಾನ ಬಾಗಿಲು. 1912ರಲ್ಲಿ ಫ್ರೆಂಚರ ಆಡಳಿತ ಬಂದ ಮೇಲೂ ಈ ಕಟ್ಟು ಬಿಚ್ಚಲಿಲ್ಲ. ಅಂದರೆ, ತನ್ನ ಕಸುಬಿನವರನ್ನು ಕಾಪಾಡಲು ಸುಂಕ ಏರಿಸೋಣ ಅಂದರೂ ಏರಿಸುವ ಹಾಗಿಲ್ಲ. ಫೆಸ್‌ನ ಹೆಮ್ಮೆ ಅಂದರೆ ಬೆಲ್ಘಾ, ಹಿಮ್ಮಡಿ ಬಿಟ್ಟ ಹಳದಿ ಚರ್ಮದ ಮೆಟ್ಟು. ಈಜಿಪ್ಟಿಗೆ, ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ಈಜಿಪ್ಟಿನವರು ಬೂಟು ಹಾಕಿಕೊಳ್ಳಲು ಶುರುಮಾಡಿದರು. 1930ರ ದಶಕದಲ್ಲಿ ಆರ್ಥಿಕ ಕುಸಿತ ಬಂತು, ಜೊತೆಗೆ ಜಪಾನಿನ ಅಗ್ಗದ ಮಾಲು. ಮೆಟ್ಟು ಮಾಡುವವರಿಗೆ ಕೆಲಸವಿಲ್ಲದಾದರೆ ಚರ್ಮದವರಿಗೂ ಇಲ್ಲ.

ಫ್ರೆಂಚರು ಸಂಘಗಳನ್ನು ಮುಚ್ಚಲಿಲ್ಲ ಅನ್ನುವುದು ಇಲ್ಲಿನ ವಿಚಿತ್ರ. ಬದಲಿಗೆ ಲೆಕ್ಕ ಬರೆದುಕೊಂಡರು. 1923–24ರಲ್ಲಿ ಲೂಯಿ ಮಸಿನ್ಯೋ ಅನ್ನುವ ವಿದ್ವಾಂಸ ಮೊರಾಕೊದ ಕಸುಬಿನ ಸಂಘಗಳ ದೊಡ್ಡ ಸಮೀಕ್ಷೆಯನ್ನೇ ನಡೆಸಿದ. ಕುಶಲ ಕಲೆಗಳಿಗೆ ಅಂತ ಇಲಾಖೆಯಾಯಿತು, ಹಳೇ ನಮೂನೆಗಳನ್ನು ಕಾಪಾಡಿದರು. ಮುಹ್ತಸಿಬ್ ಅಧಿಕಾರ ಮಾತ್ರ ಒಂದೊಂದಾಗಿ ಪುರಸಭೆಯ ಕಚೇರಿಗಳಿಗೆ ಜಾರಿತು. ನಮೂನೆ ಉಳಿಸಿ, ಮಾಡುವವರ ಕೈಕಟ್ಟಿ ಹಾಕಿದ ಹಾಗಾಯಿತು ಅಂತ ನನ್ನ ಅನಿಸಿಕೆ.

ಕೊನೆಗೂ ಚರ್ಮ ಮಾಲ್ಲೆಂ ಹಲಗೆಗೆ ಬಂತು. ಕತ್ತರಿಸುವುದು, ಅಂಚು ತೆಳು ಮಾಡುವುದು, ಆರಿಯಿಂದ ತೂತು ಹಾಕಿ ಎರಡು ಸೂಜಿಯಲ್ಲಿ ಹೊಲಿಯುವುದು. ಇದು ನನಗೆ ಬರುವ ಕೆಲಸ. ಹೆಚ್ಚಿಗೆ ಹೇಳುವುದಿಲ್ಲ. ಅವರ ರಂಪಿಗೆಯ ಅಲಗು ಮಾತ್ರ ಮರೆಯಲಾರೆ. ಮಸೆದು ಮಸೆದು ಅರ್ಧಕ್ಕೆ ಬಂದಿತ್ತು, ಆದರೂ ಬೇರೆಯದು ಮುಟ್ಟುತ್ತಿರಲಿಲ್ಲ.

ಬ್ಯಾಗಿನ ಮುಚ್ಚಳಕ್ಕೆ ಚಿನ್ನದೆಳೆಯ ಸಣ್ಣ ಕಸೂತಿ ಬೇಕು ಅಂದೆ. ಅವರು ತೆಗೆದದ್ದು ಯಂತ್ರದ ಎಳೆ. ಹಿಂದೆ ಈ ಎಳೆಯನ್ನು ಮಾಡುತ್ತಿದ್ದವರು ಮೆಲ್ಲಾದ, ಅಂದರೆ ಯಹೂದಿ ಕೇರಿಯ, ಕಸುಬಿನವರು. ಮುಸಲ್ಮಾನರು ಚರ್ಮ ಕೊಡುವುದು, ಯಹೂದಿಗಳು ಎಳೆ ಕೊಡುವುದು, ಹೀಗೆ ನಡೆಯುತ್ತಿತ್ತು. ಫ್ರಾನ್ಸಿನಿಂದ ಯಂತ್ರದ ಎಳೆ ಬಂದು ಆ ಕಸುಬಿಗೆ ಏಟು ಬಿತ್ತು. 1948ರ ನಂತರ ಕೇರಿಯವರು ಇಸ್ರೇಲಿಗೆ, ಫ್ರಾನ್ಸಿಗೆ ಹೊರಟುಹೋದರು. ಕೇರಿಯ ಮರದ ಬಾಲ್ಕನಿಗಳು ಇನ್ನೂ ಇವೆ.

ಅಂಗಡಿಯಲ್ಲಿ ಒಬ್ಬನೇ ಹುಡುಗ ಕಲಿಯುತ್ತಿದ್ದ. ಸರ್ಕಾರದ ತರಬೇತಿ ಕೇಂದ್ರದ ವಿದ್ಯಾರ್ಥಿ. ವಾರದಲ್ಲಿ ಕೆಲವು ದಿನ ಕ್ಲಾಸು, ಉಳಿದ ದಿನ ಇಲ್ಲಿ. ಮಾಲ್ಲೆಂಗೆ ಅವನ ಮೇಲೆ ಪ್ರೀತಿ, ಜೊತೆಗೆ ಗೊಣಗಾಟ. “ಇವನಿಗೆ ಇಂಥ ತಿಂಗಳು ಕೋರ್ಸ್ ಮುಗಿಯುತ್ತೆ ಅಂತ ಮೊದಲೇ ಗೊತ್ತು. ನಂಗೆ ಗೊತ್ತಿರಲಿಲ್ಲ. ನೀನು ಕಲಿತೆ ಅಂತ ಗುರು ಹೇಳಬೇಕಿತ್ತು.” ಹುಡುಗ ನಕ್ಕ. ಆಮೇಲೆ ನನ್ನ ಹತ್ತಿರ ಬೇರೆ ಹೇಳಿದ: ಅವರ ಗುರು ಹಾಗೆ ಹೇಳದೆ ಎಷ್ಟೋ ವರ್ಷ ಕಡಿಮೆ ಕೂಲಿಗೆ ದುಡಿಸಿಕೊಂಡ ಕಥೆಯನ್ನೂ ಅವರೇ ಹೇಳಿದ್ದಾರೆ, ಕೇಳಿ ನೋಡಿ. ಕೇಳಿದೆ. ಮಾಲ್ಲೆಂ ಅಲ್ಲಗಳೆಯಲಿಲ್ಲ.

ಸಂಘ ಪೂರ್ತಿ ಸತ್ತಿದೆಯಾ ಅಂದರೆ ಇಲ್ಲ ಅನ್ನಬೇಕು. ಊರು ಬೆಳೆಸಿದ ಮೌಲಾಯ್ ಇದ್ರೀಸರ ಉತ್ಸವಕ್ಕೆ ಇಂದಿಗೂ ಕಸುಬಿನವರು ಗುಂಪುಗುಂಪಾಗಿ ಕಾಣಿಕೆ ಹೊತ್ತು ಮೆರವಣಿಗೆ ಹೋಗುತ್ತಾರೆ. ಗೋರಿಗೆ ಹೊದಿಸುವ ಬಟ್ಟೆ, ಹೋರಿ, ಮೇಣದ ಬತ್ತಿ. ಅಂಗಡಿಯ ಗೋಡೆಯಲ್ಲಿ ಆ ಮೆರವಣಿಗೆಯ ಫೋಟೋ ಇತ್ತು. ಮಾಲ್ಲೆಂ ಮೊದಲ ಸಾಲಿನಲ್ಲಿದ್ದರು, ಪಕ್ಕದ ಅಂಗಡಿಯವರ ಹೆಗಲ ಮೇಲೆ ಕೈ ಹಾಕಿಕೊಂಡು.

ಬ್ಯಾಗ್ ಮುಗಿಯಿತು. ಚೆನ್ನಾಗಿ ಬಂದಿತ್ತು. ತಾರಸಿ ಅಂಗಡಿಗಳಲ್ಲಿ ಇಂಥದ್ದೇ ಬ್ಯಾಗಿಗೆ ಹೇಳುವ ಬೆಲೆಯಲ್ಲಿ ಗೈಡಿನ ಪಾಲು ದೊಡ್ಡದು, ಹೊಲಿದವನ ಪಾಲು ಸಣ್ಣದು. ಅದಕ್ಕೇ ನಾನು ಮಾಲ್ಲೆಂ ಹತ್ತಿರವೇ ನೇರವಾಗಿ ಒಂದಷ್ಟು ಬ್ಯಾಗ್ ಮಾಡಿಸಿ ಬೆಂಗಳೂರಿಗೆ ತರಿಸೋಣ ಅಂದುಕೊಂಡೆ. ಬೆಲೆ ಕೇಳಿದೆ. ಅವರು ಬೆರಳಲ್ಲಿ ಲೆಕ್ಕ ಹಾಕಿದರು. ಮೊಮ್ಮಗನ ಕಡೆ ನೋಡಿದರು. ಅಂಗಡಿ ಬಾಗಿಲು ಅರ್ಧ ಮುಂದೆ ಮಾಡಿ, ಒಂದು ಅಂಕಿ ಹೇಳಿದರು. ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. ನಾನೇ ಸ್ವಲ್ಪ ಏರಿಸಿ ಒಪ್ಪಿದೆ.

ಕೈ ಕುಲುಕಿದ ಮೇಲೆ ಮೆಲ್ಲಗೆ ಹೇಳಿದರು: “ಬಿಂತಿ, ಈ ಬೆಲೆ ಪಕ್ಕದವನಿಗೆ ಹೇಳಬೇಡ. ಅವನು ಇದಕ್ಕಿಂತ ಕಡಿಮೆಗೆ ಮಾಡಿಕೊಡ್ತಾನೆ.”